ಬಡಗಿಯ ಮನೆಯ ಬಾಗಿಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಕಟ್ಟಿದ ಮನೆಗೆ ಹೊಕ್ಕು ನೋಡು ಎನ್ನುವುದನ್ನು ಯಾಕೋ ಮರೆತುಬಿಟ್ಟರು. ಬಡಗಿಗೆ ಅದು ಗೊತ್ತಾದದ್ದು ಹೊಸ ಮನೆಗೆ ಬಂದ ಮೇಲೆ.

ಅವನ ಅಕ್ಕನಿಗೆ ಕಣ್ಣು ಹೋಗಿ ವರ್ಷಗಳಾಗಿದ್ದವು. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಹೊಸ ಜಾಗದಲ್ಲಿ ಅವಳು ಎಡವಬಾರದೆಂದು ಅವನು ಮಾಡದ ಉಪಾಯವಿಲ್ಲ. ಬಾಡಿಗೆ ಮನೆಯಲ್ಲಿ ಮಂಚ ಯಾವ ಗೋಡೆಗಿತ್ತೋ ಇಲ್ಲೂ ಅದೇ ಗೋಡೆಗೆ. ನೀರಿನ ತಂಬಿಗೆ ಅದೇ ಬಲಗೈ ಬದಿಗೆ. ಹೊಸ್ತಿಲುಗಳನ್ನೆಲ್ಲ ನೆಲಕ್ಕೆ ಸಮ ಮಾಡಿದ, ಮೇಜಿನ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿದ. ಬಾಗಿಲುಗಳಂತೂ ಬೆರಳಲ್ಲಿ ತಳ್ಳಿದರೆ ಸಾಕು, ಸದ್ದಿಲ್ಲದೆ ತೆರೆದುಕೊಳ್ಳುತ್ತಿದ್ದವು. ಅವನು ಕೂರಿಸಿದ ಬಾಗಿಲು ಬಾಯಿ ಬಿಡುವುದಿಲ್ಲ ಎಂದೇ ಊರಲ್ಲಿ ಅವನಿಗೆ ಹೆಸರು.

ಅಕ್ಕ ಎಡವಲಿಲ್ಲ ನಿಜ. ಮಂಚ ಬಿಟ್ಟು ಎದ್ದರೆ ತಾನೇ ಎಡವುವುದು! ಬಡಗಿಯ ಹೆಂಡತಿ ಊಟಕ್ಕೆ ಕರೆಯಲು ಭುಜ ಮುಟ್ಟಿದರೆ ಬೆಚ್ಚಿಬೀಳುತ್ತಿದ್ದಳು. ವಾರ ತುಂಬುವ ಮೊದಲೇ ತಮ್ಮನನ್ನು ಕರೆದು ಕೂರಿಸಿಕೊಂಡಳು.

"ಬೇಜಾರು ಮಾಡ್ಕೋಬೇಡ ತಮ್ಮಾ. ಹಳೇ ಮನೆ ಇನ್ನೂ ಖಾಲಿ ಇದೆ ಅಂದ್ಯಲ್ಲ, ನನ್ನ ಅಲ್ಲೇ ಬಿಟ್ಟುಬಿಡು."

ಬಡಗಿ ಈ ಮನೆ ಕಟ್ಟಿದ್ದೇ ಅವಳಿಗೊಂದು ಸ್ವಂತ ಸೂರಿರಲಿ ಎಂದು.

"ಅಲ್ಲಿ ಒಬ್ಬಳೇ ಹೆಂಗಿರ್ತೀಯ? ಇಲ್ಲೇನು ಕಮ್ಮಿಯಾಗಿದೆ ಹೇಳಕ್ಕ."

"ಏನೂ ಕಮ್ಮಿಯಿಲ್ಲ ಕಣೋ. ಅಲ್ಲಿ ಬೀದಿ ಬಾಗಿಲು ಕಿರ್ ಅಂದ್ರೆ ನೀನು ಬಂದೆ, ಅಡುಗೆಮನೇದು ಗೊರ್ ಅಂದ್ರೆ ಅವಳು. ಇಲ್ಲಿ ಮೈ ಮುಟ್ಟೋವರೆಗೂ ಯಾರೂ ಇಲ್ಲ. ಎಲ್ಲರ ಮಧ್ಯೆನೇ ಒಬ್ಬಳೇ ಇದ್ದಂಗಿರುತ್ತೆ."

ಹಳೆ ಮನೆಯಲ್ಲಿ ದಿನವೂ ಸಂಜೆ ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ "ಬಂದ್ಯಾ?" ಎಂಬ ದನಿ ಬರುತ್ತಿತ್ತು. ಇಲ್ಲಿಗೆ ಬಂದ ಮೇಲೆ ಆ ದನಿಯನ್ನು ತಾನು ಕೇಳಿಯೇ ಇಲ್ಲವೆಂದು ಬಡಗಿಗೆ ಆಗ ಹೊಳೆಯಿತು. ಊರಿನ ಬಾಗಿಲುಗಳ ಬಾಯಿ ಮುಚ್ಚಿಸಿದವನು ಅಕ್ಕನ ಬಾಯನ್ನೂ ಮುಚ್ಚಿಸಿಬಿಟ್ಟಿದ್ದ.

ಮಾರನೆಯ ದಿನ ಕೆಲಸಕ್ಕೆ ಹೋಗದೆ ಹಳೆ ಮನೆಗೆ ಹೋದ. ಅಲ್ಲಿನ ಬಾಗಿಲುಗಳ ತುಕ್ಕು ಹಿಡಿದ ಕೀಲುಗಳನ್ನು ಬಿಚ್ಚಿಕೊಂಡು ಬದಲಿಗೆ ಹೊಸವನ್ನು ಹಾಕಿಕೊಟ್ಟ.

"ತುಕ್ಕು ತಗೊಂಡು ಹೊಸದು ಕೊಡ್ತಿದ್ದೀಯಲ್ಲಪ್ಪ, ತಲೆ ನೆಟ್ಟಗಿದೆ ತಾನೇ?" ಎಂದ ಮಾಲೀಕ.

ಬಡಗಿಯ ಮನೆಯಲ್ಲಿ ಸುತ್ತಿಗೆ ಸದ್ದು ಹೊಸದೇನಲ್ಲ; ಅಕ್ಕ ಏನೆಂದು ಕೇಳಲಿಲ್ಲ. ಹೊಸ ಬಾಗಿಲುಗಳಿಗೆ ಆ ಹಳೆ ಕೀಲು ಜೋಡಿಸುವಾಗ ಅವನ ಕೈ ತಾನಾಗಿ ಎಣ್ಣೆ ಡಬ್ಬಿಯ ಕಡೆ ಹೋಯಿತು. ಹಿಂದಕ್ಕೆ ಎಳೆದುಕೊಂಡ.

"ಬಡಗಿ ಮನೆ ಬಾಗಿಲೇ ಹಿಂಗೆ ಕೂಗಿದ್ರೆ ನಿಮಗೆ ಕೆಲಸ ಕೊಡೋರು ಯಾರು?" ಹೆಂಡತಿ ಮೆಲ್ಲಗೆ ಕೇಳಿದಳು.

"ದೀಪದ ಬುಡದಲ್ಲೇ ಕತ್ತಲೆ ಅಂದ್ಕೊಳ್ಳಲಿ ಬಿಡು."

ಸಂಜೆ ಅವನು ಬೀದಿಯ ಕೊನೆಯವರೆಗೆ ಸುಮ್ಮನೆ ಹೋಗಿ ಬಂದು ಬಾಗಿಲು ತಳ್ಳಿದ. ಕಿರ್ ಎಂದಿತು. ಒಳಗೆ ಮಂಚದ ಸದ್ದಾಯಿತು, ಗೋಡೆಯ ಮೇಲೆ ಅಂಗೈ ಸವರುವ ಸದ್ದು ಹತ್ತಿರ ಬಂತು.

"ಬಂದ್ಯಾ?"

ಉತ್ತರವಾಗಿ ಅವನು ಬಾಗಿಲನ್ನು ಇನ್ನೊಮ್ಮೆ ತಳ್ಳಿದ.