ಬಾಗಿಲಿಗಿಂತ ನಾಲ್ಕು ಬೆರಳು ಹೆಚ್ಚು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ನಮ್ಮ ಯಜಮಾನರು ಬಡಗಿ. ಮೊದಲನೆಯದನ್ನು ನಗುನಗುತ್ತಾ ಮುಗಿಸಿದವರು. ಎರಡನೆಯದಕ್ಕೆ ಬಂದಾಗ ಮಾತ್ರ ಮೂಗು ಮುರಿಯತೊಡಗಿದರು.

ಮಗಳು ಮೆಚ್ಚಿದ ಹುಡುಗ ಲಿಫ್ಟ್ ರಿಪೇರಿಯವನು. ಅವನಲ್ಲಿ ಹುಳುಕು ಹುಡುಕಿ ಹುಡುಕಿ ಸೋತ ಮೇಲೆ ಇವರು ಖರ್ಚಿನ ಮೇಲೆ ಬಿದ್ದರು. ಛತ್ರದವನು ಬಾಡಿಗೆ ಹೇಳಿದರೆ, "ಬಾಡಿಗೆಗೆ ಕೊಡ್ತಿದ್ದೀಯೋ, ಕಟ್ಟಡಾನೇ ಮಾರ್ತಿದ್ದೀಯೋ?" ಹೂವಿನವಳಿಗೆ, "ಸಂಜೆಗೆ ಬಾಡೋದಕ್ಕೆ ಇಷ್ಟಾ?" ಫೋಟೋದವನಿಗೆ, "ನನ್ನ ಮಗಳ ಮುಖ ನಂಗೆ ನೆನಪಿರತ್ತೆ, ನೀನು ನಡಿ." ಹೀಗೆ ಮೂರು ಛತ್ರ ಕೈತಪ್ಪಿದವು. ನಾಲ್ಕನೆಯವನು, ಭಾನುವಾರ ಸಂಜೆಯೊಳಗೆ ಮುಂಗಡ ಬಾರದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದ. ಅದೂ ಹೋದರೆ ಈ ವರ್ಷ ಮದುವೆಯಿಲ್ಲ.

ಜಿಪುಣರೇ ಎಂದರೆ ಅದೂ ಅಲ್ಲ. ಇಪ್ಪತ್ತು ವರ್ಷ ಯಾರಿಗೂ ಕೊಡದೆ ಕಾಪಾಡಿದ್ದ ತೇಗದ ಹಲಗೆಗಳನ್ನೆಲ್ಲ ಅಟ್ಟದಿಂದ ಇಳಿಸಿ, ಮುಂದಿನ ಕೋಣೆಯಲ್ಲೇ ಕೂತು ಮಗಳಿಗೊಂದು ಬೀರು ಮಾಡಿದರು. ಒಂದು ಮೊಳೆಯಿಲ್ಲ, ಬರೀ ಮರಕ್ಕೆ ಮರ ಕಚ್ಚಿಸಿದ ಕೂಡು ಮತ್ತು ಅಂಟು. ಬಿಚ್ಚುವುದೆಂದರೆ ಮುರಿಯುವುದೇ.

ಭಾನುವಾರ ಬೆಳಿಗ್ಗೆ ಹುಡುಗ ಮೂವರು ಗೆಳೆಯರೊಂದಿಗೆ ವ್ಯಾನು ತಂದ. ಬೀರುವನ್ನು ಅವರ ಹೊಸ ಮನೆಗೆ ಒಯ್ಯಬೇಕಿತ್ತು. ಎತ್ತಿದರು, ಮುಂಬಾಗಿಲಿಗೆ ತಂದರು, ನಿಂತರು. ಅಡ್ಡ ಹಾಕಿದರು, ಓರೆ ಮಾಡಿದರು, ತಲೆಕೆಳಗೆ ಮಾಡಿದರು. ಹೇಗೆ ತಿರುಗಿಸಿದರೂ ನಾಲ್ಕು ಬೆರಳು ಹೆಚ್ಚು.

ಮೂವತ್ತು ವರ್ಷ ಪಳಗಿದ ಬಡಗಿ! ಆ ಬಾಗಿಲನ್ನು ಕೂರಿಸಿದವರೂ ಇವರೇ.

"ಅಪ್ಪಾ, ಬಾಗಿಲು ಅಳೀಲಿಲ್ವಾ?" ಮಗಳು ಕೇಳಿದಳು.

"ಮರ ಉಬ್ಬಿದೆ," ಎಂದರು.

"ನಾಲ್ಕು ಬೆರಳು ಉಬ್ಬತ್ತಾ? ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ!" ನಾನು ಸುಮ್ಮನಿರುವವಳಲ್ಲ.

ಅವರು ನನ್ನ ಕಡೆ ನೋಡಲೇ ಇಲ್ಲ. ಆಗ ನನಗೆ ಹೊಳೆಯಿತು. ಈ ಮನುಷ್ಯನಿಗೆ ಛತ್ರದ ಬಾಡಿಗೆಯೂ ಹೂವಿನ ಬೆಲೆಯೂ ಬರೀ ನೆಪ. ಅವಳು ಹೋಗುವುದು ಬೇಡ, ಅಷ್ಟೇ. ಬೈಯಲು ತೆರೆದ ಬಾಯಿ ಮುಚ್ಚಿಕೊಂಡೆ. ನನಗೂ ಅದೇ ಸಂಕಟವಿತ್ತು.

ಮಗಳು ಬೀರುವಿಗೆ ಒರಗಿ ನೆಲದ ಮೇಲೆ ಕೂತಳು. "ಆಯ್ತು ಬಿಡಪ್ಪಾ. ಇದನ್ನ ಬಿಟ್ಟು ನಾನು ಹೋಗಲ್ಲ, ಇದು ಇಲ್ಲಿಂದ ಹೊರಡಲ್ಲ. ಛತ್ರದವನಿಗೆ ಬೇಡ ಅಂತ ಹೇಳ್ಬಿಡು. ದುಡ್ಡೂ ಉಳೀತು." ತಮಾಷೆಯಾಗಿಯೇ ಶುರು ಮಾಡಿದ್ದಳು, ಕೊನೆಗೆ ದನಿ ನಡುಗಿತು. ಹುಡುಗ ವ್ಯಾನಿನ ಕೀಲಿಕೈ ತಿರುಗಿಸುತ್ತಾ ನೆಲ ನೋಡಿದ.

ಬೇಕಾದ್ದು ಸಿಕ್ಕಿತಲ್ಲ, ಇವರು ಕುಣಿದಾಡಬೇಕಿತ್ತು. ಮಗಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಹಾರೆ ತಂದರು.

"ರೀ, ಬೀರು ಒಡೀಬೇಡಿ!" ನಾನು ಕಿರುಚಿದೆ.

ಬೀರುವನ್ನು ಮುಟ್ಟಲಿಲ್ಲ. ಬಾಗಿಲ ಚೌಕಟ್ಟಿನ ಸಂದಿಗೆ ಹಾರೆಯಿಟ್ಟು ಮೀಟಿದರು. ಒಂದು ಗಂಟೆಯೊಳಗೆ ಚೌಕಟ್ಟು, ಒಂದಿಷ್ಟು ಗೋಡೆ, ನಾನು ಮೊನ್ನೆಯಷ್ಟೇ ಬಳಿಸಿದ್ದ ಬಣ್ಣ, ಎಲ್ಲವೂ ನೆಲದ ಮೇಲಿತ್ತು. ಬೀರು ದೊಡ್ಡ ಮನುಷ್ಯರ ಹಾಗೆ ಹೊರಗೆ ಹೋಯಿತು. ಧೂಳು ಮೆತ್ತಿದ ಮುಖದಲ್ಲೇ ಇವರು ಛತ್ರಕ್ಕೆ ಹೋಗಿ, ಕೇಳಿದಷ್ಟು ಮುಂಗಡ ಕೊಟ್ಟು ಬಂದರು.

ಮರುದಿನ ಗೋಡೆ ಸರಿಮಾಡಲು ಬಂದ ಗಾರೆಯವನು ಬಾಯಿಗೆ ಬಂದ ರೇಟು ಹೇಳಿದ. ನಾನು ಜಗಳಕ್ಕೆ ಸೊಂಟ ಕಟ್ಟುವಷ್ಟರಲ್ಲಿ ಇವರು ಹೂಂ ಎಂದುಬಿಟ್ಟರು.

"ಬಾಗಿಲು ಮೊದಲಿನಷ್ಟೇ ಇರ್ಲಾ?" ಗಾರೆಯವನು ಕೇಳಿದ.

"ಬೇಡ, ಒಂದು ಮೊಳ ಅಗಲ ಮಾಡು," ಎಂದರು. "ಹೋಗೋವಾಗ ಒಬ್ಬಳೇ ಹೋಗ್ತಾಳೆ. ಬರೋವಾಗ ಒಬ್ಬಳೇ ಬರಲ್ಲ."