ಊರ ಕಲ್ಲಿನ ಮೇಲೆ ನಿಂಬೆರಸ

ನನ್ನ ಗಂಡ ಶರಣಬಸವ ಒಂದು ವಾರದಿಂದ ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕೆ.ಆರ್. ಪುರದ ನಮ್ಮ ಒಂದೇ ಕೋಣೆಯ ಮನೆಯಲ್ಲಿ, ನಾನು ಜೋಳ ಹಸನು ಮಾಡುವ ಮೊರಕ್ಕೆ ಮರಳು ಸುರಿದು ಕಲ್ಲು ಜೋಡಿಸುತ್ತಿದ್ದರು. ದೊಡ್ಡದನ್ನು ಎಡಕ್ಕೆ ವಾಲಿಸುವುದು, ಅದರ ಬುಡಕ್ಕೆ ಸಣ್ಣವು, ಹಿಂದೆ ಗಿಡದ ಬದಲು ಕೊತ್ತಂಬರಿ ಕಡ್ಡಿ. ದೂರ ನಿಂತು ನೋಡುವುದು, ಬಂದು ಕೆಡಿಸುವುದು. ಸಾರಿಗೆ ಕೊತ್ತಂಬರಿ ಉಳಿಯುತ್ತಿರಲಿಲ್ಲ. ಬೈದರೆ ಕಿವಿಗೇ ಹಾಕಿಕೊಳ್ಳಲಿಲ್ಲ.

ಶಿವಾಜಿನಗರದ ಕಲೀಮುಲ್ಲಾ ಅವರ ಸಾಕುವ ಬಣ್ಣದ ಮೀನಿನ ಅಂಗಡಿಯಲ್ಲಿ ಇವರದು ಗಾಜಿನ ತೊಟ್ಟಿ ಹೊರುವ ಕೆಲಸ. ದಿನಾ ಬೆನ್ನಿಗೆ ಎಣ್ಣೆ ತಿಕ್ಕುವವಳು ನಾನು. ಆ ಬೆನ್ನಿನ ಪಾಡು ನನಗೆ ಗೊತ್ತು. ಈ ಸಲ ಜೀವನ್ ಬಿಮಾ ನಗರದ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ತೊಟ್ಟಿಗೆ ಕಲ್ಲು, ಗಿಡ ಇವರೇ ಕೂಡಿಸಬೇಕೆಂದು ಕಲೀಮುಲ್ಲಾ ಹೇಳಿದ್ದರು. ಚೆನ್ನಾಗಿ ಬಂದರೆ ಮುಂದೆ ಅದೇ ಇವರ ಕೆಲಸ. ಗಾಜು ಬೇರೆಯವರು ಹೊರುತ್ತಾರೆ. ಅಂಗಡಿಯ ಕಪ್ಪು ಕಲ್ಲು ಇವರಿಗೆ ಬೇಡವಾಯಿತು. ನಮ್ಮೂರು ಶಹಾಬಾದಿನಿಂದ ಪದರು ಪದರಾದ ಬೂದು ಕಲ್ಲು ಆರಿಸಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಅಷ್ಟು ಜೋಪಾನವಾಗಿ ನನ್ನನ್ನೂ ಕರೆತಂದಿರಲಿಲ್ಲ.

ಹೊರಡುವ ಬೆಳಿಗ್ಗೆ, ಹೊಸ ಕೆಲಸವೆಂದು ನಾನು ನಿಂಬೆಹಣ್ಣು ಕೊಯ್ದು, ಕುಂಕುಮ ಹಚ್ಚಿ, ಅರ್ಧವನ್ನು ಕಲ್ಲಿನ ಮೇಲೆ ಹಿಂಡಿದೆ. ರಸ ಬಿದ್ದಲ್ಲಿ ನೊರೆ ಎದ್ದಿತು. ದೇವಿ ಒಪ್ಪಿದಳು ಎಂದುಕೊಂಡೆ. ಇವರ ಮುಖ ನೋಡಿದರೆ ಬಿಳಿಚಿಕೊಂಡಿತ್ತು.

ಹುಳಿಗೆ ನೊರೆ ಬಿಡುವುದು ಸುಣ್ಣದ ಕಲ್ಲು ಎಂದರು. ನೀರಿನಲ್ಲಿ ಮೆಲ್ಲಗೆ ಕರಗಿ ನೀರನ್ನು ಗಡಸು ಮಾಡುತ್ತದಂತೆ. ಡಾಕ್ಟರು ಆರಿಸಿದ ಕೆಂಪು ಕಡ್ಡಿಗಿಡದ ಕುಡಿ ಮುರುಟಿ ಸಾಯುತ್ತದಂತೆ. ಅಂಗಡಿಗೆ ಬರುವ ಪ್ರತಿ ಕಲ್ಲಿಗೂ ವಿನೆಗರ್ ಬಿಟ್ಟು ನೋಡುವುದು ಅಲ್ಲಿಯ ಪದ್ಧತಿ. ಇದಕ್ಕೇಕೆ ಬಿಡಲಿಲ್ಲ ಎಂದು ಕೇಳಿದೆ.

“ನಮ್ಮೂರ ಕಲ್ಲಿಗಿ ಏನ್ ಪರೀಕ್ಷಾ ಮಾಡೋದು ಅನ್ಕೊಂಡೆ,” ಅಂದರು.

ನನಗೆ ಭಯವಾಯಿತು. ಸೆರಗಿನಿಂದ ನೊರೆ ಒರೆಸಿಬಿಟ್ಟೆ.

“ಗಿಡ ಸಾಯೋದು ಯಾವಾಗೋ ಏನೋ. ಸುಮ್ನ ಇಟ್ಟು ಬರ್ರಿ. ಯಾರಿಗಿ ಗೊತ್ತಾಗ್ತದ?”

ಇವರು ಬಾಗಿಲಿಗೂ ಒಲೆಗೂ ನಡುವೆ ಓಡಾಡಿ, ಕೊನೆಗೆ ಕಲ್ಲುಗಳನ್ನು ಚೀಲಕ್ಕೆ ತುಂಬಿ, ಉಳಿದರ್ಧ ನಿಂಬೆಯನ್ನೂ ಅದರಲ್ಲೇ ಹಾಕಿಕೊಂಡು ಹೋದರು.

ಆಮೇಲೆ ಇವರ ಚಡಪಡಿಕೆ ನನಗೆ ಅಂಟಿತು. ಒಲೆಯ ಮೇಲೆ ಬೇಳೆ ಸೀದುಹೋಯಿತು. ಫೋನ್ ಮಾಡಿದರೆ ಎತ್ತಲಿಲ್ಲ. ಮೊರದ ಮರಳನ್ನು ಸಮ ಮಾಡುತ್ತ, ಮತ್ತೆ ಕೆಡಿಸುತ್ತ ಕೂತಿದ್ದೆ.

ಸಂಜೆ ಬಂದಾಗ ಚೀಲ ಹೆಗಲ ಮೇಲೇ ಇತ್ತು. ಕೆಲಸ ಕೈತಪ್ಪಿತು ಎಂದುಕೊಂಡೆ. ಇವರು ಕಲೀಮುಲ್ಲಾ ಅವರ ಎದುರಿಗೇ ನಿಂಬೆ ಹಿಂಡಿ ತೋರಿಸಿದರಂತೆ. ಅವರು ಮೊದಲು ಚೆನ್ನಾಗಿ ಬೈದು, ಆಮೇಲೆ ಕಪ್ಪು ಕಲ್ಲು ಕೊಟ್ಟು ಕಳಿಸಿ, ಮಧ್ಯಾಹ್ನ ಕ್ಲಿನಿಕ್ಕಿಗೆ ಖುದ್ದಾಗಿ ನೋಡಲು ಬಂದರಂತೆ. ಇವರು ಫೋನಿನಲ್ಲಿ ಫೋಟೋ ತೋರಿಸಿದರು. ದೊಡ್ಡ ಕಲ್ಲು ಎಡಕ್ಕೆ ವಾಲಿತ್ತು, ಹಿಂದೆ ಕೆಂಪು ಕಡ್ಡಿಗಳು, ಎಲ್ಲ ನಮ್ಮ ಮೊರದಲ್ಲಿ ಇದ್ದಂತೆಯೇ. ನಾಳೆ ಗಾಜು ಯಾರು ಹೊರುತ್ತಾರೆ ಎಂದು ಕೇಳಿದೆ.

“ಅಂಗಡ್ಯಾಗಿನ ಇನ್ನೊಬ್ಬ ಹುಡುಗ, ಭೀಮೇಶ್,” ಅಂದರು.

ನಾನು ಅತ್ತುಬಿಟ್ಟೆ. ಇವರು ಚೀಲದಿಂದ ಊರ ಕಲ್ಲನ್ನು ತೆಗೆದು ನೆಲದ ಮೇಲಿಟ್ಟು, ನಿಂಬೆಯಲ್ಲಿ ಉಳಿದಿದ್ದ ರಸವನ್ನು ಅದರ ಮೇಲೆ ಹಿಂಡಿದರು. ಮತ್ತೆ ನೊರೆ ಎದ್ದಿತು.

“ಎಷ್ಟ್ ಜೀವ ಅದ ನೋಡು ಇದರಾಗ,” ಎಂದು, ಗೋಡೆಗೆ ಬೆನ್ನು ಕೊಟ್ಟು ಕೂತರು.