ಮಳೆ ತರುವ ಕಾಲ್ಗುಣ

೧೯೩೮ರ ಕಾರ್ತಿಕ ಕಳೆದಿತ್ತು. ಕಳಸದ ಹತ್ತಿರದ ಒಂದು ಕಾಫಿ ತೋಟದ ಮನೆಯಲ್ಲಿ ಗಿರಿಜಾಂಬಾಳ ಟ್ರಂಕು ಜಗಲಿಗೆ ಬಂದು ಕೂತಿತ್ತು. ಮಧ್ಯಾಹ್ನದ ಬಸ್ಸಿಗೆ ಅವಳು ತವರಿಗೆ ಹೊರಡಬೇಕು. ಕಾಫಿ ಒಣಗಿ ಮುಗಿಯುವ ತನಕ ಈ ಕಡೆ ತಲೆ ಹಾಕಕೂಡದು. ಇದು ಅತ್ತೆ ಮುತ್ತಮ್ಮನವರ ತೀರ್ಮಾನ.

ಈ ಸೊಸೆ ಕಣಕ್ಕೆ ಕಾಲಿಟ್ಟರೆ ಮಳೆ ಬರುತ್ತದೆ, ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಲು ಹರಡಿದ ಪಾರ್ಚ್‌ಮೆಂಟ್ ಕಾಫಿ ನೆನೆದು ಬಣ್ಣ ಕೆಡುತ್ತದೆ ಎಂಬ ಮಾತು ಮದುವೆಯಾದಾಗಿನಿಂದ ಬೆನ್ನಿಗೆ ಬಿದ್ದಿತ್ತು. ಹೋದ ವಾರವೂ ಹಾಗೇ ಆಗಿತ್ತು. ಈ ಸಲ ಹೋದರೆ ಪ್ರತಿ ಸುಗ್ಗಿಗೂ ಹೋಗಬೇಕು. ಒಂದು ಸುಗ್ಗಿಯ ನಂತರ ಕರೆತರಲು ಯಾರೂ ಬಾರದೆಯೂ ಹೋಗಬಹುದು. ಆದರೆ ಅವಳನ್ನು ಕೊರೆಯುತ್ತಿದ್ದುದು ಅದಷ್ಟೇ ಅಲ್ಲ. ಅವಳೂ ಆ ಮಾತನ್ನು ನಂಬತೊಡಗಿದ್ದಳು. ಮೋಡ ಕಂಡರೆ ಸಾಕು, ಪಾದಗಳನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಿದ್ದಳು.

ಕರೆದೊಯ್ಯಲು ಬಂದ ತಮ್ಮ ಷಡಕ್ಷರಿ ಮೈಸೂರಿನ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ.

"ಅತ್ತೆಯವ್ರೇ, ನಮ್ಮ ಮನಸ್ಸು ಬಲು ಕಳ್ಳ. ಅಕ್ಕ ಕಣಕ್ಕೆ ಬಂದು ಮಳೆ ಹೊಯ್ದ ದಿನ ಮಾತ್ರ ನೆನಪಿಟ್ಕೊಳ್ತದೆ, ಉಳಿದದ್ದನ್ನು ಮರೀತದೆ" ಎಂದು ಅಂಗಳದ ಧೂಳಿನಲ್ಲಿ ಚೌಕಾಬಾರದ ಹಾಗೆ ನಾಲ್ಕು ಮನೆ ಗೀಚಿದ. "ಇದು ಅಕ್ಕ ಬಂದು ಮಳೆಯಾದದ್ದು, ಇದು ಬಂದೂ ಮಳೆಯಾಗದ್ದು. ಇವೆರಡು ಅವಳು ಬಾರದ ದಿನಗಳಿಗೆ, ಮಳೆಗೊಂದು, ಬಿಸಿಲಿಗೊಂದು. ನೆನಪಿದ್ದಷ್ಟು ದಿನಕ್ಕೆ ಒಂದೊಂದು ಕಾಳು ಹಾಕಿ."

ಮುತ್ತಮ್ಮನವರು ಸೆರಗು ಸಿಕ್ಕಿಸಿ ಕುಕ್ಕುರುಗಾಲಲ್ಲಿ ಕೂತರು. ನೆನಪು ಅವರದು ಗಟ್ಟಿ. "ಮೇಸ್ತ್ರಿ ಬೊಮ್ಮಯ್ಯನ ಮಗಳ ಮದುವೆ ದಿನ ಹೊಯ್ತಲ್ಲ, ಇಡು ಕಾಳು. ಹೋದ ವಾರದ್ದು, ಇಡು." ಮೊದಲ ಮನೆ ತುಂಬುತ್ತಾ ಹೋಯಿತು. ಅವಳು ಬಾರದ ದಿನಗಳ ಕಾಳೆಲ್ಲ ಬಿಸಿಲಿನ ಮನೆಗೇ ಬಿದ್ದವು. ಬಂದೂ ಮಳೆಯಾಗದ ಮನೆಯಲ್ಲಿ ಒಂದು ಕಾಳೂ ಇಲ್ಲ.

"ನೋಡಿದ್ಯೇನಪ್ಪ? ನಿನ್ನ ಮೈಸೂರು ಶಾಸ್ತ್ರವೂ ನನ್ನ ಮಾತೇ ಹೇಳ್ತು!" ಅತ್ತೆ ನಕ್ಕರು. ಷಡಕ್ಷರಿ ಪೆಚ್ಚಾಗಿ ಟೋಪಿ ಸರಿ ಮಾಡಿಕೊಂಡ. "ನಡಿ ಅಕ್ಕ, ಬಸ್ ಬರ್ತದೆ."

ಗಿರಿಜಾಂಬಾ ಏಳಲಿಲ್ಲ. ಆ ಖಾಲಿ ಮನೆಯನ್ನೇ ನೋಡುತ್ತಿದ್ದಳು. ಬಿಸಿಲಿನ ದಿನ ತಾನೆಲ್ಲಿರುತ್ತಿದ್ದೆ? ಅಡುಗೆಮನೆಯಲ್ಲಿ, ಆಳುಗಳ ಗಂಜಿಯ ಮುಂದೆ. ಕಣಕ್ಕೆ ಯಾವಾಗ ಓಡುತ್ತಿದ್ದೆ? ಅವಳು ಎದ್ದೇಬಿಟ್ಟಳು.

"ಅತ್ತೆ, ನೀವು ನನ್ನ ಕಣಕ್ಕೆ ಕರೆಯೋದು ಯಾವಾಗ?"

"ಯಾವಾಗ ಅಂದ್ರೆ? ಮೋಡ ಕಟ್ಟಿದಾಗ. ಕಾಫಿ ಗುಡ್ಡೆ ಮಾಡಿ ಮುಚ್ಚೋಕೆ ಆಳು ಸಾಲದಾಗ…"

ಮುತ್ತಮ್ಮನವರ ಕಣ್ಣು ಆ ಖಾಲಿ ಮನೆಯ ಮೇಲೆ ಹೋಯಿತು.

"ಮೋಡ ಮೊದಲು ಬರ್ತದೆ ಅತ್ತೆ! ಆಮೇಲೆ ನೀವು ಕೂಗ್ತೀರಿ, ಆಮೇಲೆ ನಾನು ಬರ್ತೀನಿ! ನಾನು ಮಳೆ ಕರೀತಿಲ್ಲ, ಮಳೆ ನನ್ನ ಕರೀತಿದೆ!"

"ಅಕ್ಕ!" ಷಡಕ್ಷರಿ ಕುಣಿದೇಬಿಟ್ಟ. "ಇದು ನನಗೆ ಹೊಳೀಲೇ ಇಲ್ಲ ನೋಡು!"

ಅವಳು ಆಗಲೇ ಕಣದಲ್ಲಿದ್ದಳು. ಯಾರೂ ಕರೆಯದೆ, ಸುಡುವ ಬಿಸಿಲಿನಲ್ಲಿ, ಬರಿಗಾಲಲ್ಲಿ. ಆಳಿನ ಕೈಯಿಂದ ಹಲುಬೆ ಕಿತ್ತುಕೊಂಡು, ಅದರ ಹಲ್ಲುಗಳಿಂದ ಕಾಫಿ ಎಳೆದು ಹರಡತೊಡಗಿದಳು. ಕಾಳು ಗಲಗಲ ಎಂದಿತು. ಮೇಸ್ತ್ರಿ ಬೊಮ್ಮಯ್ಯ, ಆಳುಗಳು, ಅತ್ತೆ, ಎಲ್ಲರೂ ಆಕಾಶ ನೋಡಿದರು. ಅವಳೊಬ್ಬಳೇ ನೋಡಲಿಲ್ಲ.

ಬಸ್ಸು ಹಾರ್ನ್ ಹೊಡೆದು ಹೋಯಿತು. ಸಂಜೆಯಾದರೂ ಒಂದು ಹನಿ ಬೀಳಲಿಲ್ಲ. ಗಿರಿಜಾಂಬಾ ಬಂದು ಖಾಲಿ ಮನೆಗೆ ಒಂದು ಕಾಳು ಇಟ್ಟಳು.

"ಒಂದು ದಿನ ಸಾಲದು ಅಕ್ಕ, ಶಾಸ್ತ್ರ ಒಪ್ಪಲ್ಲ" ಎಂದ ಷಡಕ್ಷರಿ.

"ಸಾಲದಿದ್ರೆ ನಾಳೆಯೂ ಕಣದಲ್ಲೇ ಇರ್ತೀನಿ."

ಮುತ್ತಮ್ಮನವರು ಅಷ್ಟು ಸುಲಭಕ್ಕೆ ಸೋಲುವವರಲ್ಲ. "ನಾನೂ ಪರೀಕ್ಷೆ ಮಾಡ್ತೀನಿ. ಇನ್ನು ಮೋಡ ಕಟ್ಟಿದ್ರೆ ನೀನು ಒಳಗೇ ಇರು. ಮಳೆ ಬರ್ತದೋ ಇಲ್ವೋ ನೋಡೇಬಿಡೋಣ."

"ಆಗಲಿ ಅತ್ತೆ. ಕಾಫಿ ಮುಚ್ಚೋರು ಯಾರು?"

ಮುತ್ತಮ್ಮನವರು ಮೋಡ ಏಳುವ ಪಡುವಣ ಗುಡ್ಡದ ಕಡೆ ನೋಡಿದರು, ಸೊಸೆಯ ಧೂಳು ಮೆತ್ತಿದ ಪಾದ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಬೊಮ್ಮಯ್ಯನನ್ನು ಕೂಗಿದರು.

"ಏ ಮಾರಾಯ, ಆ ಟ್ರಂಕು ಒಳಗಿಡು. ದಾರಿಗೆ ಅಡ್ಡ."